ಬಾಯಿಂದ ಪಾಟಿಗೆ

ನಮಸ್ಕಾರ. ಹೋದ ವಾರ ಧಾರವಾಡದ ಮಾಳಮಡ್ಡಿಯಲ್ಲಿ, ನಮ್ಮ ಓಣಿಯ ಆರು ವರ್ಷದ ಹುಡುಗಿಯೊಬ್ಬಳು ಪಾಟಿ ಹಿಡಿದು ಓಡಿ ಬಂದಳು. ಅದರ ಮೇಲೆ 'ಅಕ ಲೊಟಿ ಕೊಟಲು' ಅಂತಿತ್ತು, ಅಂದರೆ 'ಅಕ್ಕ ರೊಟ್ಟಿ ಕೊಟ್ಟಳು'. ಹಿಂದೆಯೇ ಅವಳ ಅವ್ವ ಬಂದರು. "ನೋಡ್ರೀ ಟೀಚರ್, ಒಂದು ಒತ್ತೂ ಬರೆಯಂಗಿಲ್ಲ ಇಕಿ" ಅಂತ ಬೇಜಾರು ಮಾಡಿಕೊಂಡರು. ನನಗೆ ಮಾತ್ರ ಆ ಪಾಟಿ ನೋಡಿ ಬಹಳ ಖುಷಿ ಆಯ್ತು. ಹುಡುಗಿ ಯಾರದನ್ನೂ ನೋಡಿ ಬರೆದಿರಲಿಲ್ಲ, ತನ್ನ ಮಾತನ್ನೇ ಮತ್ತೆ ಮತ್ತೆ ಹೇಳಿಕೊಂಡು ಬರೆದಿದ್ದಳು.

ಅವಳ ನಾಲಿಗೆಗೆ 'ರ' ಇನ್ನೂ ಹೊರಳಲ್ಲ. ಬಾಯಲ್ಲಿ ಲೊಟ್ಟಿ ಇದ್ದರೆ ಪಾಟಿ ಮೇಲೂ ಅದೇ ಬರುತ್ತೆ, ಅಲ್ವಾ? ರ, ಳ ಎಷ್ಟೋ ಮಕ್ಕಳಿಗೆ ತಡವಾಗಿಯೇ ಬರುತ್ತವೆ.

ಇನ್ನು ಒತ್ತು. ನೀವೇ ಚಪ್ಪಾಳೆ ತಟ್ಟುತ್ತಾ 'ಕಮಲ' ಅನ್ನಿ. ಕ, ಮ, ಲ. ಕೇಳಿದ ಹಾಗೇ ಬರೆದರಾಯ್ತು. ಈಗ 'ಅಕ್ಕ' ಅನ್ನಿ. ಅಕ್, ಕ. ಕಿವಿ ಒಂದು ಕಕಾರವನ್ನು ಹಿಂದಕ್ಕೆ, ಇನ್ನೊಂದನ್ನು ಮುಂದಕ್ಕೆ ಹಾಕುತ್ತೆ, ಆದರೆ ನಮ್ಮ ಬರವಣಿಗೆ 'ಅ'ವನ್ನು ಒಂಟಿಯಾಗಿ ಬಿಟ್ಟು ಎರಡನ್ನೂ ಒಟ್ಟಿಗೆ ಸೇರಿಸಿ 'ಕ್ಕ' ಅಂತ ಮಾಡುತ್ತೆ. ಮಗು ಕೇಳಿದ ತುಂಡು ಬೇರೆ, ಬರೆಯಬೇಕಾದ ತುಂಡು ಬೇರೆ. ಇಷ್ಟು ಸೂಕ್ಷ್ಮ ಇರುವ ಕಡೆ ಮಗುವನ್ನು ದಡ್ಡ ಅನ್ನೋದು ಅನ್ಯಾಯ.

"ನೂರು ಸಲ ಬರೆಸಲೇನ್ರೀ?" ಅಂತ ಕೇಳಿದರು ಅವ್ವ. ಬ್ಯಾಡ್ರೀ, ಮಾತಾಡಿಸ್ರಿ ಅಂದೆ. ಆರು ತಿಂಗಳ ಆಸುಪಾಸು ಕೂಸು 'ಬಾ ಬಾ ಬಾ' ಅನ್ನುತ್ತೆ, ವರ್ಷದ ಹೊತ್ತಿಗೆ ಒಂದು ಮಾತು, ಎರಡು ವರ್ಷಕ್ಕೆ 'ಅವ್ವ ಹಾಲು' ಅಂತ ಎರಡು ಕೂಡಿಸುತ್ತೆ. ಮುಂದೆ ಪಾಟಿ ಮೇಲೆ ಬರೋದೆಲ್ಲ ಇಲ್ಲಿಂದಲೇ ಬರಬೇಕು. (ಎರಡು ವರ್ಷ ದಾಟಿದರೂ ಎರಡು ಮಾತು ಕೂಡಿಸದಿದ್ದರೆ ಸುಮ್ನೆ ಕಾಯಬೇಡಿ, ಕಿವಿ ಪರೀಕ್ಷೆ ಮಾಡಿಸಿ.) ಮೂರು ವರ್ಷಕ್ಕೇ ಕೈ ಹಿಡಿದು ತಿದ್ದಿಸೋದಕ್ಕಿಂತ ಸಂತೆಗೆ ಕರ್ಕೊಂಡು ಹೋಗಿ. ಬದನೆಕಾಯಿ ಆರಿಸುತ್ತಾ ಮಾತಾಡಿ, ಮನೆಗೆ ಬಂದ ಮೇಲೆ ಏನೇನು ನೋಡಿದೆ ಅಂತ ಅದರ ಬಾಯಿಂದಲೇ ಹೇಳಿಸಿ. ಮಗು 'ಐತಿ' ಅಂತ ಬರೆದರೆ ಕೆಂಪು ಗೀಟು ಎಳೆಯಬೇಡಿ. ಮನೆಯಲ್ಲಿ ಐತಿ, ಪುಸ್ತಕದಲ್ಲಿ ಇದೆ, ಎರಡೂ ನಮ್ಮವೇ ಅಂತ ಹೇಳಿ.

ಅವತ್ತು ಸಂಜೆ ಹುಡುಗಿ ಕಟ್ಟೆ ಮೇಲೆ ನನ್ನ ಪಕ್ಕ ಕೂತಳು. 'ರೊಟ್ಟಿ'ಯನ್ನು ಎಳೆದು ಎಳೆದು ಹೇಳಿದೆವು. 'ಟ್ಟಿ' ಅನ್ನುವಾಗ ನಾಲಿಗೆ ಒಂದು ಗಳಿಗೆ ಮೇಲೆ ಅಂಟಿಕೊಂಡು ನಿಲ್ಲುತ್ತೆ, ಅದನ್ನು ಅವಳೇ ಕಂಡುಹಿಡಿದಳು. ಪಾಟಿ ಒರೆಸಿ ಬರೆದಳು: ಲೊಟ್ಟಿ. ಒತ್ತು ಬಂದಿತ್ತು. 'ಲೊ' ಸದ್ಯಕ್ಕೆ ಹಾಗೇ ಇರಲಿ ಅಂತ ಅವಳ ಅವ್ವನಿಗೆ ಹೇಳಿ ಕಳಿಸಿದೆ.