ಹದಿನೈದರ ಹುಡುಗಿಯ ಒಂದು ಹಾಡು, ಭಾರತೀಯ ಪಾಪ್‌ಗೆ ತೆರೆದ ಬಾಗಿಲು

ನಮಸ್ಕಾರ. 1980ರಲ್ಲಿ ತೆರೆಕಂಡ ಫಿರೋಜ್ ಖಾನ್ ಅವರ ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’ ಹಾಡು ಇಂದಿಗೂ ಹಳತೆನಿಸುವುದಿಲ್ಲ, ಏಕೆ? ಈ ಸಂಚಿಕೆಯಲ್ಲಿ ಉತ್ತರ ಹುಡುಕಬೇಕಾಗಿರುವುದು ಈ ಪ್ರಶ್ನೆಗೆ.

ಹಿನ್ನೆಲೆಯನ್ನು ಬೇಗನೆ ಮುಗಿಸೋಣ. ಗಾಯಕಿ ನಾಜಿಯಾ ಹಸನ್ 1965ರಲ್ಲಿ ಕರಾಚಿಯಲ್ಲಿ ಹುಟ್ಟಿದವರು, ಲಂಡನ್ನಿನಲ್ಲಿ ಬೆಳೆದವರು. ಅಲ್ಲಿಯೇ ಅವರನ್ನು ಭೇಟಿಯಾದ ಫಿರೋಜ್ ಖಾನ್ ಹಾಡಲು ಕರೆದರು. ಚಿತ್ರದ ಉಳಿದ ಹಾಡುಗಳಿಗೆ ಕಲ್ಯಾಣ್‌ಜಿ–ಆನಂದ್‌ಜಿ ಸಂಗೀತವಿದ್ದರೂ ಇದೊಂದನ್ನು ಬಿಡ್ಡು ಅವರಿಗೆ ಒಪ್ಪಿಸಲಾಯಿತು. ಬೆಂಗಳೂರಿನಲ್ಲಿ ಹುಟ್ಟಿ, ಲಂಡನ್ನಿಗೆ ಹೋಗಿ, 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಗೀತೆಯನ್ನು ನಿರ್ಮಿಸಿ ಜಗತ್ತನ್ನೇ ಕುಣಿಸಿದ ಬಿಡ್ಡು ಅಪ್ಪಯ್ಯ ಇವರೇ. ಸಾಹಿತ್ಯ ಇಂದೀವರ್ ಅವರದು.

ಈಗ ನಾನು ತುಸು ಹೆಚ್ಚು ಹೊತ್ತು ನಿಲ್ಲಲೇಬೇಕಾದ ಜಾಗಕ್ಕೆ ಬಂದಿದ್ದೇವೆ: ಆ ದನಿ. ಹೆಡ್‌ಫೋನ್ ಹಾಕಿಕೊಂಡು ಪಲ್ಲವಿಯನ್ನಷ್ಟೇ ಕೇಳಿ. ಡ್ರಮ್ಮಿನ ಪೆಟ್ಟು ಗಡಿಯಾರದಷ್ಟು ನಿಖರವಾಗಿ ಬೀಳುತ್ತದೆ, ಬೇಸ್ ಗಿಟಾರ್ ಅದರ ಬೆನ್ನಿಗೇ ಸಾಗುತ್ತದೆ, ಅವೆರಡರ ಮೇಲೆ ತೇಲುವ ದನಿಯ ಸುತ್ತ ಪ್ರತಿಧ್ವನಿಯ ತೆಳುವಾದ ಪದರವೊಂದು ಹರಡಿಕೊಂಡಿದೆ. ಆಗಿನ ಹಿಂದಿ ಚಿತ್ರಗೀತೆಗಳಲ್ಲಿ ವಯೊಲಿನ್‌ಗಳ ದೊಡ್ಡ ತಂಡ ತುಂಬಿಕೊಳ್ಳುತ್ತಿದ್ದ ಎಡೆಯನ್ನು ಇಲ್ಲಿ ಬಹುಮಟ್ಟಿಗೆ ಖಾಲಿ ಬಿಡಲಾಗಿದೆ. ಆ ಖಾಲಿತನದಿಂದಾಗಿಯೇ ನಾಜಿಯಾ ನಮ್ಮ ಕಿವಿಗೆ ಇಷ್ಟು ಹತ್ತಿರವಾಗುತ್ತಾರೆ. ಅವರ ಹಾಡುಗಾರಿಕೆಯಲ್ಲಿ ಗಮಕಗಳ ಕಸರತ್ತಿಲ್ಲ, ತಾರಸ್ಥಾಯಿಯ ಸಾಹಸವಿಲ್ಲ, ಮೂಗಿನ ಛಾಯೆಯುಳ್ಳ ಎಳೆಯ ದನಿಯನ್ನು ತಿದ್ದಿ ಮರೆಮಾಚುವ ಯತ್ನವೂ ಕಾಣುವುದಿಲ್ಲ. ತೆರೆಯ ಮೇಲೆ ಜೀನತ್ ಅಮಾನ್ ಅವರಂಥ ತಾರೆ ಕ್ಲಬ್ಬಿನಲ್ಲಿ ಹಾಡುತ್ತಿದ್ದರೂ, ಹದಿನೈದರ ಹುಡುಗಿ ದೊಡ್ಡವಳಂತೆ ನಟಿಸದೆ ತನ್ನ ವಯಸ್ಸಿನಲ್ಲಿಯೇ ಹಾಡಿದ್ದಾಳೆ. ಹಾಡು ಹಳತಾಗದಿರುವುದಕ್ಕೆ ಡಿಸ್ಕೋ ತಾಳಕ್ಕಿಂತ ಈ ಪ್ರಾಮಾಣಿಕತೆಯೇ ದೊಡ್ಡ ಕಾರಣವೆಂದು ನಾನು ನಂಬುತ್ತೇನೆ. ತಾಳವನ್ನು ಅನುಕರಿಸಿದವರು ಮುಂದೆ ಬಹಳ ಮಂದಿ ಬಂದರು, ಆ ದನಿಯನ್ನು ಮಾತ್ರ ಯಾರಿಗೂ ಅನುಕರಿಸಲಾಗಲಿಲ್ಲ.

1981ರಲ್ಲಿ ಈ ಹಾಡಿಗಾಗಿ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕಿ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು. ಅದಕ್ಕಿಂತ ಮುಖ್ಯವಾದದ್ದು ಅದೇ ವರ್ಷ ಸಹೋದರ ಜೋಹೇಬ್ ಮತ್ತು ಬಿಡ್ಡು ಜೊತೆಗೂಡಿ ಅವರು ಹೊರತಂದ ‘ಡಿಸ್ಕೋ ದೀವಾನೆ’ ಆಲ್ಬಮ್. ಅದರ ಹಿಂದೆ ಯಾವ ಸಿನಿಮಾ ಕಥೆಯೂ ಇರಲಿಲ್ಲ, ತುಟಿಯಾಡಿಸುವ ನಾಯಕಿಯೂ ಇರಲಿಲ್ಲ. ಜನ ಕೊಂಡದ್ದು ನಾಜಿಯಾ ಎಂಬ ಹೆಸರನ್ನು. ಹಾಡಿದವರೇ ತಾರೆಯಾಗಬಹುದೆಂಬ ನಂಬಿಕೆ ಗಡಿಯ ಎರಡೂ ಬದಿಗಳಲ್ಲಿ ಬೇರೂರಿದ್ದು ಹೀಗೆ. 1995ರಲ್ಲಿ ಅಲಿಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ಮನೆಮಾತಾದಾಗ ಅದರ ಹಿಂದೆಯೂ ಇದ್ದವರು ಬಿಡ್ಡು.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಒಟ್ಟಿಗೇ ಹೇಳುತ್ತೇನೆ. 1984ರಲ್ಲಿ ‘ಯಂಗ್ ತರಂಗ್’, 1987ರಲ್ಲಿ ‘ಹಾಟ್‌ಲೈನ್’, 1992ರಲ್ಲಿ ‘ಕ್ಯಾಮೆರಾ ಕ್ಯಾಮೆರಾ’ ಆಲ್ಬಮ್‌ಗಳು ಬಂದವು. 2000ದ ಆಗಸ್ಟ್ 13ರಂದು, ಕೇವಲ 35ನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ನಾಜಿಯಾ ಲಂಡನ್ನಿನಲ್ಲಿ ತೀರಿಕೊಂಡರು. 2012ರ ‘ಸ್ಟೂಡೆಂಟ್ ಆಫ್ ದಿ ಇಯರ್’ ಚಿತ್ರದಲ್ಲಿ ‘ಡಿಸ್ಕೋ ದೀವಾನೆ’ ಮರಳಿದಾಗ ಸುನಿಧಿ ಚೌಹಾಣ್, ಬೆನ್ನಿ ದಯಾಳ್ ಅವರ ಜೊತೆಗೆ ನಾಜಿಯಾರ ದನಿಯನ್ನೂ ಉಳಿಸಿಕೊಂಡರು. ಮರುಸೃಷ್ಟಿಯ ಹೆಸರಿನಲ್ಲಿ ಮೂಲ ಗಾಯಕರನ್ನು ಅಳಿಸಿಹಾಕುವುದೇ ವಾಡಿಕೆಯಾಗಿರುವ ಕಾಲದಲ್ಲಿ ಇದು ಸರಿಯಾದ ನಿರ್ಧಾರವಾಗಿತ್ತು.