ಲಂಡನ್ ವ್ಲಾಗ್: 1232ರ ಹೂಜಿ ಮತ್ತು ಹಠಮಾರಿ ಕ್ಯಾಮೆರಾ

ಹಾಂ, ಇದೇ ನೋಡಿ. ಬ್ರಿಟಿಷ್ ಮ್ಯೂಸಿಯಂಗೆ ನಾನು ಬಂದಿದ್ದೇ ಈ ಹೂಜಿಗೋಸ್ಕರ. ಬ್ಲಾಕಾಸ್ ಹೂಜಿ ಅಂತಾರೆ, ಹಿತ್ತಾಳೆಯದು, ಮೇಲೆ ಬೆಳ್ಳಿ ಕೂರಿಸಿದ ಚಿತ್ರಗಳು. ಬ್ಲಾಕಾಸ್ ಅನ್ನೋದು ಫ್ರಾನ್ಸಿನ ಮನೆತನ, ಅವರ ಸಂಗ್ರಹವನ್ನು ಮ್ಯೂಸಿಯಂ 1866ರಲ್ಲಿ ಕೊಂಡುಕೊಂಡಿತು. ಮಾಡಿದ್ದು ಮಾತ್ರ ಇರಾಕಿನ ಮೊಸುಲ್‌ನಲ್ಲಿ, 1232ರಲ್ಲಿ. ಆಗ ಆ ಊರು ಬದ್ರ್ ಅಲ್ ದೀನ್ ಲೂಲೂ ಅನ್ನೋನ ಹಿಡಿತದಲ್ಲಿತ್ತು. ಕೆಲಸಗಾರ ಶುಜಾ ಇಬ್ನ್ ಮನಾ. ತನ್ನ ಹೆಸರು, ಊರು, ತಿಂಗಳು, ವರ್ಷ ಎಲ್ಲವನ್ನೂ ಹೂಜಿಯ ಮೇಲೇ ಬರೆದಿಟ್ಟಿದ್ದಾನೆ. ಎಂಥಾ ಒಳ್ಳೇ ಕೆಲಸ ಮಾಡಿದ ಪುಣ್ಯಾತ್ಮ!

ಅಯ್ಯೋ, ಈ ಫೋಕಸ್! ಕ್ಯಾಮೆರಾ ಹೂಜಿ ಬಿಟ್ಟು ಗಾಜಿನಲ್ಲಿ ಕಾಣುವ ನನ್ನ ಹಳದಿ ಜಾಕೆಟ್ಟನ್ನೇ ಹಿಡಿಯುತ್ತಿದೆ. ಪಕ್ಕಕ್ಕೆ ಸರಿದರೆ ಹಿಂದೆ ಓಡಾಡುವವರ ಬ್ಯಾಗು. ಜಾಕೆಟ್ ಬಿಚ್ಚಿದೆ, ಈಗ ಕೈಬೆರಳಿನ ಉಂಗುರ ಹಿಡಿಯುತ್ತದೆ. ಆಟೋ ಬೇಡ ಅಂತ ಕೈಯಲ್ಲೇ ತಿರುಗಿಸಿದರೆ ಬೆಳ್ಳಿ ಇರುವ ಕಡೆಯೆಲ್ಲ ಬರೀ ಬಿಳುಪು. ಬೆಳಕು ಇಳಿಸಿದರೆ ಹಿತ್ತಾಳೆ ಕಪ್ಪಾಗಿ ಹೋಗುತ್ತದೆ. ಕೊಟ್ಟ ದುಡ್ಡು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಇಷ್ಟು ದುಬಾರಿ ಲೆನ್ಸಿಗೆ ಒಂದು ಹೂಜಿ ಹಿಡಿಯೋಕೆ ಆಗಲ್ಲ ಅಂದರೆ ಹೇಗೆ?

ಸರಿ, ಸಿಕ್ಕಿತು. ಅಲುಗಾಡಬೇಡಿ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಈ ಚೌಕಟ್ಟು ನೋಡಿ. ಹೆಂಗಸು ಕನ್ನಡಿ ಹಿಡಿದು ಕೂತಿದ್ದಾಳೆ, ಪಕ್ಕದಲ್ಲಿ ಸೇವಕಿ. ಮೊದಲು ಹಿತ್ತಾಳೆಯಲ್ಲಿ ಗುಳಿ ತೋಡುತ್ತಾರೆ. ಆಮೇಲೆ ಅದೇ ಆಕಾರಕ್ಕೆ ಕತ್ತರಿಸಿದ ಬೆಳ್ಳಿ ತಗಡು ಇಟ್ಟು, ಅಂಚು ಒಳಗೆ ಸಿಕ್ಕಿಕೊಳ್ಳುವ ಹಾಗೆ ಬಡಿದು ಕೂರಿಸುತ್ತಾರೆ. ಬಟ್ಟೆಯ ಮಡಿಕೆ, ಮುಖದ ಗೆರೆ ಎಲ್ಲ ಆ ತಗಡಿನ ಮೇಲೇ ಕೊರೆದಿದ್ದು. ಬೆಳ್ಳಿ ಉದುರಿದ ಕಡೆ ಗುಳಿ ಹಾಗೇ ಬಾಯಿ ತೆರೆದುಕೊಂಡಿದೆ. ಅದನ್ನು ನೋಡಿದರೆ ಸಂಕಟ ಆಗುತ್ತದೆ.

ಚಿನ್ನ ಬೆಳ್ಳಿಯ ಪಾತ್ರೆಯಲ್ಲಿ ಉಣ್ಣಬಾರದು, ಕುಡಿಯಬಾರದು ಅಂತ ಹದೀಸ್‌ನಲ್ಲಿದೆ, ಅಂದರೆ ಪ್ರವಾದಿ ಮುಹಮ್ಮದರ ಮಾತು ಅಂತ ದಾಖಲಾದದ್ದರಲ್ಲಿ. ಅದಕ್ಕೇ ದೊಡ್ಡವರು ಹಿತ್ತಾಳೆ ಹಿಡಿದರು ಅಂತ ನಾನು ಇವತ್ತು ಬೆಳಗ್ಗೆಯವರೆಗೂ ಗಟ್ಟಿಯಾಗಿ ಹೇಳುತ್ತಿದ್ದೆ. ಈಗ ಅದೊಂದೇ ಕಾರಣ ಅನ್ನಿಸುತ್ತಿಲ್ಲ. ಬರೀ ಬೆಳ್ಳಿಯ ಹೂಜಿಯಲ್ಲಿ ಈ ಚಿತ್ರ ಹೀಗೆ ಎದ್ದು ಕಾಣುತ್ತಿತ್ತಾ? ಹಳದಿ ಹಿತ್ತಾಳೆ, ಬಿಳಿ ಬೆಳ್ಳಿ, ಅಲ್ಲಲ್ಲಿ ಕೆಂಪು ತಾಮ್ರ. ಇದು ಬಣ್ಣದ ಆಸೆ ಅಲ್ವಾ?

ನಮ್ಮ ಬಿದರಿಯಲ್ಲೂ ಬೆಳ್ಳಿ ಕೂರಿಸುವುದು ಹೀಗೇ, ಕೊರೆದು ಬಡಿದು. ಆದರೆ ಅಲ್ಲಿ ಲೋಹ ಜಾಸ್ತಿ ಸತು, ಬೀದರ್ ಕೋಟೆಯ ಮಣ್ಣು ಹಾಕಿ ಕಪ್ಪು ಮಾಡುತ್ತಾರೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಬಹಮನಿ ಕಾಲದಲ್ಲಿ ಇರಾನ್ ಕಡೆಯಿಂದ ಬೀದರ್‌ಗೆ ಎಷ್ಟು ಜನ ಬಂದರು! ಬಹಮನಿ ಮಂತ್ರಿ ಮಹಮೂದ್ ಗವಾನ್ ಬಂದಿದ್ದೂ ಅಲ್ಲಿಂದಲೇ. ಅದರ ಬಗ್ಗೆ ಮಾತಾಡಲು ಹೊರಟರೆ ಇಲ್ಲೇ ಸಂಜೆಯಾಗುತ್ತದೆ, ಬಿಡಿ.

ಇನ್ನೊಂದು ನೋಡಿಬಿಡಿ, ಹೂಜಿಯ ಮೂತಿಯೇ ಇಲ್ಲ! ಯಾವಾಗಲೋ ಮುರಿದು ಹೋಗಿದೆ. ಇಂಥ ಹೂಜಿಗೆ ಜೊತೆಗೊಂದು ಬೋಗುಣಿ ಇರುತ್ತಿತ್ತು. ಕೈ ತೊಳೆಯೋಕೆ ಅತಿಥಿ ಕೈ ಚಾಚಬೇಕು, ಆಳು ನೀರು ಹಾಕಬೇಕು. ಅತಿಥಿ ಈ ಬೇಟೆ, ಈ ಒಂಟೆ, ಈ ವಾದ್ಯದವರನ್ನು ಅಷ್ಟು ಹತ್ತಿರದಿಂದ ನೋಡುತ್ತಿದ್ದ. ನಮಗೆ ಗಾಜು ಅಡ್ಡ.

ಬ್ಯಾಟರಿ ಕೆಂಪಾಯಿತು. ಈಜಿಪ್ಟಿನ ಸುಲ್ತಾನ್ ಅಲ್ ನಾಸಿರ್ ಮುಹಮ್ಮದನ ಬೋಗುಣಿಯೂ ಇದೇ ಮ್ಯೂಸಿಯಂನದು. ಅದರ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೀ ಬಿರುದುಗಳು. ಬೇಗ ಬನ್ನಿ, ಅದನ್ನೂ ಹಿಡಿದುಬಿಡೋಣ.