ಊರಿನ ಸಾಲ ಮತ್ತು ವಕೀಲರ ಕೆಲಸ

ಕೇಳುಗರಿಗೆ ನಮಸ್ಕಾರ.

ವಕೀಲರು ಅಂದ ಕೂಡಲೇ ನೆನಪಾಗುವುದು ಜಾಗದ ತಕರಾರು, ಜಾಮೀನು, ಸಾಕ್ಷಿ. ನಾನು ಮಂಗಳೂರಿನಲ್ಲಿ ಮಾಡುವ ಕೆಲಸ ಸ್ವಲ್ಪ ಬೇರೆ. ಊರಿನ ತೆರಿಗೆ, ಊರಿನ ಸಾಲ, ಇವುಗಳ ಕಾಗದಪತ್ರ ನೋಡುವುದು.

ಈ ದಾರಿಗೆ ನನ್ನನ್ನು ತಂದದ್ದು ಬಂದರಿನ ಹತ್ತಿರ ಹಂಚಿನ ಮನೆಯಲ್ಲಿದ್ದ ಒಬ್ಬ ಅಮ್ಮ. ಆಗ ನಾನು ಹಿರಿಯ ವಕೀಲರ ಕೈಕೆಳಗೆ ಹೊಸಬ. ಆ ಅಮ್ಮನ ಜಗಲಿಯಲ್ಲಿ ಒಂದು ಹೊಲಿಗೆ ಯಂತ್ರ ಇತ್ತು. ಅದೊಂದೇ ಕಾರಣಕ್ಕೆ ಇಡೀ ಮನೆಯನ್ನು ಅಂಗಡಿ ಎಂದು ಲೆಕ್ಕ ಹಾಕಿ ತೆರಿಗೆ ನೋಟಿಸು ಕಳಿಸಿದ್ದರು. ಅವರು ಬಿಸ್ಕತ್ತಿನ ಡಬ್ಬಿ ತೆರೆದು ಮೇಜಿನ ಮೇಲೆ ರಸೀದಿಗಳನ್ನು ಸಾಲಾಗಿ ಇಟ್ಟರು. ಒಂದೊಂದು ವರ್ಷದ್ದಕ್ಕೂ ಒಂದೊಂದು ಬಣ್ಣದ ಹೊಲಿಗೆ ನೂಲು ಕಟ್ಟಿದ್ದರು. "ಇದೆಂತ ಮಾರಾಯ್ರೆ, ಒಂದು ವರ್ಷವೂ ಬಾಕಿ ಇಟ್ಟಿಲ್ಲ ನಾನು" ಎಂದರು.

ಹಿರಿಯರು ನನಗೆ ಸಂವಿಧಾನದ 265ನೇ ವಿಧಿ ಓದಲು ಹೇಳಿದರು. ಒಂದೇ ಸಾಲು ಅದು. ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ. ಇಲ್ಲಿ ಕಾನೂನಿನ ಕ್ರಮ ಬಿಟ್ಟು, ಆ ಅಮ್ಮನ ಮಾತು ಕೇಳದೆಯೇ ದರ ಬದಲಾಯಿಸಿದ್ದರು. ನಾವು ಆಕ್ಷೇಪಣೆ ಹಾಕಿದೆವು, ನೋಟಿಸು ರದ್ದಾಯಿತು.

ಆದರೆ ತೆರಿಗೆ ಕಡಿಮೆ ಮಾಡಿಸುವುದಷ್ಟೇ ಈ ಕೆಲಸ ಅಂತ ತಿಳಿಯಬೇಡಿ. ಊರಿಗೆ ನೀರು ಬೇಕು, ಒಳಚರಂಡಿ ಬೇಕು. ಅದಕ್ಕೆ ಒಂದೇ ಸಲ ದೊಡ್ಡ ಮೊತ್ತ ಬೇಕಾಗುತ್ತದೆ. ಬೆಂಗಳೂರು ಪಾಲಿಕೆ 1997ರಲ್ಲಿ 125 ಕೋಟಿ ರೂಪಾಯಿಯ ಬಾಂಡ್, ಅಂದರೆ ಹೂಡಿಕೆದಾರರಿಂದ ಸಾಲ ಪಡೆಯುವ ಪತ್ರ, ತಂದಿತು, ಸರ್ಕಾರದ ಖಾತರಿಯ ಮೇಲೆ. ಮರುವರ್ಷ ಅಹಮದಾಬಾದ್ 100 ಕೋಟಿ ಎತ್ತಿತು, ಖಾತರಿ ಇಲ್ಲದೆಯೇ. ಇಂಥ ಬಾಂಡ್‌ಗಳಿಗೆಂದೇ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2015ರಲ್ಲಿ ನಿಯಮ ಮಾಡಿದೆ.

ಇಂಥ ಸಾಲದಲ್ಲಿ ವಕೀಲರು ನೋಡುವುದೇನು? ಪಾಲಿಕೆಗೆ ಈ ಸಾಲ ಎತ್ತುವ ಅಧಿಕಾರ ಇದೆಯೇ? ಸಭೆಯಲ್ಲಿ ಠರಾವು ಆಗಿದೆಯೇ? ಸರ್ಕಾರದ ಮಂಜೂರಾತಿ ಬಂದಿದೆಯೇ? ಕಂತಿನ ಹಣಕ್ಕೆ ಯಾವ ವರಮಾನವನ್ನು ಎಸ್ಕ್ರೋ ಖಾತೆಗೆ, ಅಂದರೆ ಸಾಲ ತೀರಿಸಲೆಂದೇ ಬೇರೆ ಇಟ್ಟ ಖಾತೆಗೆ, ಹಾಕುತ್ತಾರೆ? ಸಂಬಳಕ್ಕೆ, ಬೀದಿದೀಪಕ್ಕೆ ಏನು ಉಳಿಯುತ್ತದೆ?

ಒಮ್ಮೆ ಒಂದು ಸಣ್ಣ ಊರಿನ ಕಡತ ಬಂದಿತ್ತು. ಠರಾವಿನಲ್ಲಿ "ಕುಡಿಯುವ ನೀರಿನ ಯೋಜನೆಗೆ" ಎಂದಿತ್ತು. ಸಾಲದ ಕರಾರಿನಲ್ಲಿ "ಮೂಲಸೌಕರ್ಯಕ್ಕೆ" ಎಂದಿತ್ತು. ಸುಮ್ನೆ ಒಂದು ಪದ, ಅಲ್ವಾ? ಆದರೆ ನೀರಿಗೆಂದು ತಂದ ಹಣ ಮುಂದೆ ಯಾವುದೋ ಕಟ್ಟಡಕ್ಕೆ ಹೋದರೆ ತಡೆಯಲು ಕಾಗದದಲ್ಲಿ ಏನೂ ಇರುತ್ತಿರಲಿಲ್ಲ. ನಾನು ಕಡತ ವಾಪಸು ಕಳಿಸಿದೆ. ಎರಡು ವಾರ ತಡವಾಯಿತು. "ನೀವು ಜಾಸ್ತಿ ನೋಡ್ತೀರಿ" ಎಂದು ಫೋನಿನಲ್ಲಿ ಬೈಸಿಕೊಂಡೆ. ಇವತ್ತು ಬಂದರೂ ಅದನ್ನು ವಾಪಸೇ ಕಳಿಸುತ್ತೇನೆ. ಹದಿನೈದು ವರ್ಷದ ಸಾಲ ತೀರಿಸುವವರಲ್ಲಿ ಈಗ ಒಂದನೇ ಕ್ಲಾಸಿನಲ್ಲಿರುವ ಮಕ್ಕಳೂ ಇದ್ದಾರೆ. ಅವರ ಪರವಾಗಿ ಆ ಸಭೆಯಲ್ಲಿ ಮಾತಾಡುವವರು ಯಾರೂ ಇರುವುದಿಲ್ಲ.

ಹಣದ ವಿಚಾರ ನಮ್ಮ ಕರಾವಳಿಗೆ ಹೊಸತಲ್ಲ. 1906ರಲ್ಲಿ ಕೆನರಾ ಬ್ಯಾಂಕಿನ ಬೀಜ ನೆಟ್ಟ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನ ವಕೀಲರು. 1928ರಲ್ಲಿ ಉಡುಪಿಯಿಂದ ಪಿಗ್ಮಿ ಠೇವಣಿ ಶುರುವಾಯಿತು. ದಿನಕ್ಕೆ ಎರಡಾಣೆ, ಅದೂ ಮನೆಬಾಗಿಲಲ್ಲೇ ಕೊಟ್ಟರೆ ಸಾಕಿತ್ತು. ಅಂಥ ಜಿಲ್ಲೆಗಳ ಕಾನೂನು ವಿದ್ಯಾರ್ಥಿಗಳು ಈ ಕಡೆ ಬರುವುದು ಕಡಿಮೆ ಎಂಬುದು ನನಗೆ ನಿಜವಾಗಿಯೂ ಬೇಸರ. ಮೊದಲ ಕೆಲವು ವರ್ಷ ಸಂಪಾದನೆ ಸಣ್ಣದು, ಒಪ್ಪುತ್ತೇನೆ. ಆದರೂ ಬನ್ನಿ. ಕಾಯ್ದೆಯ ಜೊತೆಗೆ ಲೆಕ್ಕಪತ್ರ ಓದಲು ಕಲಿಯಿರಿ. ನಿಮ್ಮದೇ ಊರಿನ ಪಾಲಿಕೆಯ ಅಥವಾ ಪಂಚಾಯಿತಿಯ ಬಜೆಟ್ ಪುಸ್ತಕದಿಂದ ಶುರುಮಾಡಿ. ಮನೆತೆರಿಗೆಯ ರಸೀದಿಯಲ್ಲಿ ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಇರುತ್ತದಲ್ಲ, ಅದು ಯಾವ ಕಾಯ್ದೆಯಿಂದ ಬಂತು, ಎಲ್ಲಿಗೆ ಹೋಗುತ್ತದೆ ಅಂತ ಹುಡುಕಿ ನೋಡಿ.

ಆ ಅಮ್ಮ ಈಗಲೂ ಏಪ್ರಿಲ್‌ನಲ್ಲೇ ತೆರಿಗೆ ಕಟ್ಟುತ್ತಾರೆ, ಶೇಕಡಾ 5ರ ರಿಯಾಯಿತಿ ಬಿಡುವುದಿಲ್ಲ. ಈ ವರ್ಷದ ರಸೀದಿಗೆ ಹಸಿರು ನೂಲು ಕಟ್ಟಿದ್ದಾರೆ.

ನಮಸ್ಕಾರ.